ನ್ಯಾನೋ ಕಸ ಸಿಂಕಿಗೆ ಬೇಡ

ಪ್ರಯೋಗ ಮುಗಿದಿದೆ. ಬೀಕರಿನ ತಳದಲ್ಲಿ ತೆಳು ಹಳದಿ ನೀರು ಒಂದಿಷ್ಟು ಉಳಿದಿದೆ. ನಲ್ಲಿ ತಿರುಗಿಸಿ ತೊಳೆದುಬಿಟ್ಟರೆ ಆಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಅದರಲ್ಲಿರುವುದು ಬೆಳ್ಳಿಯ ನ್ಯಾನೋ ಕಣಗಳು. ಒಂದೊಂದೂ 100 ನ್ಯಾನೋಮೀಟರಿಗಿಂತ ಚಿಕ್ಕದು. ನಮ್ಮ ಒಂದು ತಲೆಗೂದಲೇ ಸುಮಾರು 80,000 ನ್ಯಾನೋಮೀಟರ್ ದಪ್ಪ.

ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ವಾಸನೆ ಬಾರದಿರಲಿ ಎಂದು ಕಾಲುಚೀಲಕ್ಕೆ ಅದನ್ನು ಸೇರಿಸುವುದೂ ಅದಕ್ಕೇ. ಕೊಳಚೆ ನೀರಿನ ಘಟಕದಲ್ಲಿ ನೀರು ಶುದ್ಧ ಮಾಡುವುದೂ ಬ್ಯಾಕ್ಟೀರಿಯಾಗಳೇ! ಅಲ್ಲಿ ಬೆಳ್ಳಿಯ ಬಹುಪಾಲು ಗಂಧಕದ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ವಿಷ ತುಂಬಾ ಕಡಿಮೆಯಾಗುತ್ತದೆ, ನಿಜ. ಆದರೆ ಬೆಳ್ಳಿ ಎಲ್ಲಿಗೂ ಹೋಗುವುದಿಲ್ಲ, ಕೆಸರಿನಲ್ಲೇ ಕೂತಿರುತ್ತದೆ. ಆ ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋದರೆ, ಬೆಳ್ಳಿಯೂ ಮಣ್ಣು ಸೇರುತ್ತದೆ.

ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ಗಟ್ಟಿ ಮುಚ್ಚಳದ ಡಬ್ಬಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ದ್ರವಕ್ಕೊಂದು, ಪುಡಿಗೊಂದು. ಬೀಕರ್ ತೊಳೆದ ಮೊದಲ ನೀರೂ ದ್ರವದ ಡಬ್ಬಿಗೇ ಹೋಗಬೇಕು. ಜಾಸ್ತಿ ಜನ ಮರೆಯುವುದು ಇದನ್ನೇ.

ಡಬ್ಬಿಯ ಮೇಲೆ ಸುಮ್ನೆ ‘ನ್ಯಾನೋ ಕಸ’ ಎಂದು ಬರೆದರೆ ಸಾಲದು. ಯಾವ ವಸ್ತು, ಕಣದ ಗಾತ್ರ ಎಷ್ಟು, ಯಾವ ದ್ರಾವಕ, ತುಂಬಿದ ದಿನ ಯಾವುದು, ಎಲ್ಲ ಇರಲಿ. ಜಿಂಕ್ ಆಕ್ಸೈಡ್ ನೀರಿನಲ್ಲಿ ಅಷ್ಟಿಷ್ಟು ಕರಗುತ್ತದೆ, ಟೈಟಾನಿಯಂ ಡೈಆಕ್ಸೈಡ್ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಎರಡಕ್ಕೂ ಒಂದೇ ಮದ್ದು ನಡೆಯದು.

ಒಣ ಪುಡಿ ಚೆಲ್ಲಿತೇ? ಪೊರಕೆ ಮುಟ್ಟಲೇಬೇಡಿ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ, ಅದು ಕಣಗಳನ್ನು ಹಿಂದಿನಿಂದ ಮತ್ತೆ ಗಾಳಿಗೆ ಊದುತ್ತದೆ. ಮೊದಲು ಫ್ಯಾನ್ ಆರಿಸಿ. ಕೈಗವಸು, ಕಣ ಸೋಸುವ ಮಾಸ್ಕ್ ಹಾಕಿಕೊಳ್ಳಿ. ಒದ್ದೆ ಟಿಶ್ಯೂವನ್ನು ಪುಡಿಯ ಮೇಲೆ ಮೆಲ್ಲಗೆ ಹಾಸಿ, ನೆನೆಯಲು ಬಿಡಿ. ಆಮೇಲೆ ಅಂಚಿನಿಂದ ನಡುವಿಗೆ ಒರೆಸಿ. ಅಲ್ಯೂಮಿನಿಯಂನಂಥ ಲೋಹದ ಪುಡಿಗೆ ಮಾತ್ರ ನೀರು ತಾಗಿಸಬೇಡಿ. ಹೈಡ್ರೋಜನ್ ಹುಟ್ಟಿ ಬೆಂಕಿ ಹತ್ತಬಹುದು.

ಒರೆಸಿದ ಟಿಶ್ಯೂ, ಬಳಸಿದ ಕೈಗವಸು ಎಲ್ಲವನ್ನೂ ಚೀಲಕ್ಕೆ ಹಾಕಿ ಕಟ್ಟಿ, ಅದನ್ನು ಇನ್ನೊಂದು ಚೀಲದೊಳಗಿಡಿ. ಕಾರ್ಬನ್ ನ್ಯಾನೋಟ್ಯೂಬ್, ಅಂದರೆ ಇಂಗಾಲದ ಅತಿಸಣ್ಣ ಕೊಳವೆಗಳು, ಇದ್ದರಂತೂ ಇದನ್ನು ತಪ್ಪಿಸಲೇಬೇಡಿ. ಉದ್ದನೆಯ ನ್ಯಾನೋಟ್ಯೂಬುಗಳು ಇಲಿಗಳ ಹೊಟ್ಟೆಯ ಒಳಪೊರೆಯಲ್ಲಿ ಆಸ್ಬೆಸ್ಟಾಸ್ ನಾರಿನ ಹಾಗೆಯೇ ಉರಿಯೂತ ತಂದದ್ದು 2008ರಲ್ಲೇ ಗೊತ್ತಾಗಿದೆ.

ಕೊನೆಗೆ ಇವನ್ನೆಲ್ಲ ಅಪಾಯಕಾರಿ ತ್ಯಾಜ್ಯ ನಿರ್ವಹಿಸುವವರಿಗೇ ಕೊಡಿ, ದಿನದ ಕಸದ ಜೊತೆ ಬೇಡ. ಸುಟ್ಟರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ಒಂದು ಕಸದ ಕುಲುಮೆಯಲ್ಲಿ ಸೀರಿಯಂ ಆಕ್ಸೈಡ್ ಕಣಗಳನ್ನು ಹಾಕಿ ನೋಡಿದ್ದರು. ಫಲಿತಾಂಶ 2012ರಲ್ಲಿ ಹೊರಬಂತು. ಹೊಗೆಯಲ್ಲಿ ಹೊರಹೋದದ್ದು ತೀರಾ ಕಡಿಮೆ, ಬಹುತೇಕ ಕಣಗಳು ಬೂದಿಯಲ್ಲೇ ಉಳಿದಿದ್ದವು. ಹಾಗಾಗಿ ಚೀಲ ಒಯ್ಯುವವರಿಗೆ ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ. ಬೂದಿ ಗೋರುವವರಿಗೂ ಅದು ಗೊತ್ತಾಗಬೇಕು.