ಹಳೆ ರೆಡ್ ಆಕ್ಸೈಡ್ ನೆಲದ ಮೇಲೆ ನಾನೇ ಹಾಕಿದ ಹೊಸ ನೆಲ

ಮಲೆನಾಡಿನಲ್ಲಿ ಹೊಸ ನೆಲ ಹಾಕಬೇಕು ಅನ್ನುವವರು ಬಣ್ಣ, ಡಿಸೈನು ನೋಡುವ ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಮಳೆಗಾಲದಲ್ಲಿ ನೆಲ ಒದ್ದೆಯಾಗುತ್ತದಲ್ಲ, ಆ ನೀರು ಎಲ್ಲಿಂದ ಬರುತ್ತದೆ? ಮೇಲಿಂದಲೋ, ಕೆಳಗಿಂದಲೋ? ಇದು ಗೊತ್ತಿಲ್ಲದೆ ಎಷ್ಟು ದುಡ್ಡು ಸುರಿದರೂ ದಂಡ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳೆ ಹೆಂಚಿನ ಮನೆ. ಜಂಬಿಟ್ಟಿಗೆ ಗೋಡೆ, ರೆಡ್ ಆಕ್ಸೈಡ್ ನೆಲ. ಮಲಗುವ ಕೋಣೆಯ ನೆಲ ಬಿರುಕು ಬಿಟ್ಟು ಅಲ್ಲಲ್ಲಿ ಚಕ್ಕೆ ಎದ್ದಿತ್ತು. ರೆಡ್ ಆಕ್ಸೈಡಿಗೆ ತೇಪೆ ಹಾಕಿದರೆ ಹಳೆ ಬಣ್ಣಕ್ಕೆ ಹೊಂದುವುದೇ ಇಲ್ಲ. ಅದನ್ನು ತಿಕ್ಕಿ ಹೊಳಪು ಬರಿಸುತ್ತಿದ್ದ ಹಳೆ ಗಾರೆಯವರು ಈಗ ಸಿಗುವುದೂ ಕಷ್ಟ. ಟೈಲ್ಸ್ ಹಾಕಿಸೋಣ ಅಂದರೆ ಗಾರೆ, ಟೈಲ್ಸ್ ಎರಡೂ ಸೇರಿ ನೆಲ ಒಂದೂವರೆ ಇಂಚಿಗಿಂತ ಜಾಸ್ತಿ ಏರುತ್ತದೆ. ಹೊಸಿಲು ಅರ್ಧ ಮುಳುಗುತ್ತದೆ. ಅಮ್ಮ ಮೊದಲೇ ಹೇಳಿಬಿಟ್ಟಿದ್ದರು: "ಎಂಥ ಬೇಕಾದ್ರೂ ಮಾಡು ಮಾರಾಯ, ಹೊಸಿಲಿಗೆ ಮಾತ್ರ ಕೈ ಹಾಕ್ಬೇಡ."

ಹಾಗಾಗಿ ತೆಳ್ಳಗಿನದ್ದೇ ಬೇಕಿತ್ತು. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಮರದ ಲ್ಯಾಮಿನೇಟ್ ತೋರಿಸಿ, "ನೀರಿಗೆ ಏನೂ ಆಗಲ್ಲ ಸಾರ್" ಅಂದರು. ಒಂದು ಸ್ಯಾಂಪಲ್ ತುಂಡು ಕೇಳಿ ತಂದೆ. ಬಕೆಟ್ಟಿನಲ್ಲಿ ಒಂದು ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ಅಂಚು ಉಬ್ಬಿತ್ತು. ಲ್ಯಾಮಿನೇಟಿನ ಒಳಗಿರುವುದು ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಅದು ನೀರು ಕುಡಿಯುತ್ತದೆ. ಎಸ್‌ಪಿಸಿ, ಅಂದರೆ ಸ್ಟೋನ್ ಪ್ಲಾಸ್ಟಿಕ್ ಕಾಂಪೊಸಿಟ್ ಅನ್ನುವ ಹಲಗೆ, ಬೇರೆ. ಅದರಲ್ಲಿರುವುದು ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ. ಅದರ ತುಂಡನ್ನೂ ನೆನೆಹಾಕಿದೆ, ಹಾಕಿದ ಹಾಗೇ ಇತ್ತು. ಗೆದ್ದಲಿಗೂ ಅದರಲ್ಲಿ ತಿನ್ನಲು ಏನೂ ಇಲ್ಲ. ನಮ್ಮ ಕಡೆ ಇದು ಸಣ್ಣ ಮಾತಲ್ಲ. 5 ಮಿಲಿಮೀಟರ್ ದಪ್ಪದ್ದು, ಅಡಿಯಲ್ಲಿ ಫೋಮ್ ಅಂಟಿಸಿಯೇ ಬರುವುದನ್ನು ಆರಿಸಿದೆ. ಅಂಟು ಬೇಡ, ಸಿಮೆಂಟು ಬೇಡ. ಒಂದಕ್ಕೊಂದು ಸಿಕ್ಕಿಸಿ ಹಾಸುವುದು.

ಆದರೆ ಹಲಗೆಗೆ ನೀರು ತಾಗಿದರೆ ಏನೂ ಆಗುವುದಿಲ್ಲ ಅನ್ನುವುದು ಒಂದು ಮಾತು, ಅದರಡಿಯ ನೆಲದಲ್ಲಿ ನೀರು ನಿಲ್ಲುವುದು ಇನ್ನೊಂದು. ಹಲಗೆ ಹಾಳಾಗದಿದ್ದರೂ ಅಡಿಯಲ್ಲಿ ಬೂಷ್ಟು ಹಿಡಿದು ಕೋಣೆಯೆಲ್ಲ ನಾರುತ್ತದೆ.

ಮಳೆಗಾಲದಲ್ಲಿ ನೆಲ ಒದ್ದೆಯಾಗುವುದು ಎರಡು ರೀತಿ. ಒಂದು, ನಾವು ನೆಲ ಬೆವರುವುದು ಅನ್ನುತ್ತೇವಲ್ಲ, ಅದು. ನೆಲ ತಣ್ಣಗಿರುತ್ತದೆ, ಗಾಳಿಯಲ್ಲಿ ನೀರಿನ ಪಸೆ ತುಂಬಿರುತ್ತದೆ. ಆ ಗಾಳಿ ನೆಲಕ್ಕೆ ತಾಗಿ ಹನಿಗಟ್ಟುತ್ತದೆ. ಇದು ಮೇಲಿನ ನೀರು. ಇನ್ನೊಂದು, ಅಡಿಪಾಯದ ಮಣ್ಣಿನಿಂದ ಪಸೆ ಮೇಲೇರುವುದು. ಹಳೆ ಮನೆಗಳಲ್ಲಿ ನೆಲದಡಿ ಪ್ಲಾಸ್ಟಿಕ್ ಹಾಸಿ ಕಾಂಕ್ರೀಟು ಹಾಕಿರುವುದಿಲ್ಲ, ಆದ್ದರಿಂದ ಪಸೆಗೆ ತಡೆ ಇಲ್ಲ. ಇದು ಕೆಳಗಿನ ನೀರು. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ.

ಪತ್ತೆ ಮಾಡುವುದು ಸುಲಭ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪ್ ಅಂಟಿಸಬೇಕು. ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಬೇಕು. ಹಾಳೆಯ ಮೇಲೆ ಮಾತ್ರ ಹನಿ ಇದ್ದರೆ ಅದು ಬೆವರು. ಹಾಳೆಯ ಅಡಿಯಲ್ಲಿ ಹನಿ ಇದ್ದರೆ, ಅಥವಾ ಅಡಿಯ ನೆಲ ಕಪ್ಪಗಾಗಿದ್ದರೆ ಅದು ಮಣ್ಣಿನ ಪಸೆ. ಈ ಪರೀಕ್ಷೆಯನ್ನು ಆರಿದ್ರಾ ಮಳೆ ಹಿಡಿದ ಮೇಲೆ ಮಾಡಬೇಕು. ಬೇಸಿಗೆಯಲ್ಲಿ ಮಾಡಿದರೆ ಎಲ್ಲರ ಮನೆ ನೆಲವೂ ಪಾಸಾಗುತ್ತದೆ! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಮಣ್ಣು ನೆನೆಯುವುದಕ್ಕೆ ಏನೂ ಕಮ್ಮಿಯಿಲ್ಲ.

ನಮ್ಮ ಕೋಣೆಯ ನಡುವೆ ಹಾಳೆಯ ಅಡಿ ಒಣಗಿತ್ತು. ಹೊರಗೋಡೆಯ ಮೂಲೆಯಲ್ಲಿ ಮಾತ್ರ ಅಡಿಯೆಲ್ಲ ನೀರು. ಹೊರಗೆ ಹೋಗಿ ನೋಡಿದರೆ ಕಾರಣ ಎದುರಿಗೇ ಇತ್ತು. ಅಂಗಳದ ಮಣ್ಣು ವರ್ಷ ವರ್ಷ ಏರಿ ಒಳಗಿನ ನೆಲದ ಮಟ್ಟಕ್ಕೆ ಬಂದಿತ್ತು. ಸೂರಿನ ನೀರು ಅಲ್ಲೇ ನಿಂತು ಗೋಡೆಯ ಬುಡಕ್ಕೆ ಇಳಿಯುತ್ತಿತ್ತು. ಮಣ್ಣು ತೆಗೆದು ಮಟ್ಟ ಇಳಿಸಿ, ಗೋಡೆಯಿಂದ ಹೊರಗೆ ಇಳಿಜಾರು ಕೊಟ್ಟು, ಸೂರಿನ ನೀರಿಗೆ ಚರಂಡಿ ಮಾಡಿದೆ. ಮಘೆ ಮಳೆಯ ಹೊತ್ತಿಗೆ ಮತ್ತೆ ಹಾಳೆ ಅಂಟಿಸಿದಾಗ ಆ ಮೂಲೆಯೂ ಒಣಗಿತ್ತು. ಹಲಗೆ ಹಾಸಿದ್ದಕ್ಕಿಂತ ಈ ಚರಂಡಿಯೇ ದೊಡ್ಡ ಕೆಲಸ ಅನ್ನುವುದು ನನ್ನ ಲೆಕ್ಕ. ಚರಂಡಿ ಮಾಡಿದ ಮೇಲೂ ಪಸೆ ಬರುತ್ತಲೇ ಇದ್ದಿದ್ದರೆ ನಾನು ನೆಲ ಮುಚ್ಚುತ್ತಲೇ ಇರಲಿಲ್ಲ.

ಉಳಿದ ಕೆಲಸ ಅಡಿಕೆ ಕೊಯ್ಲು ಮುಗಿಸಿಕೊಂಡು ಫೆಬ್ರವರಿಯಲ್ಲಿ. ಮೊದಲು ಮಟ್ಟ. ಆರೂವರೆ ಅಡಿ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಎಲ್ಲಾ ದಿಕ್ಕಿಗೂ ಇಟ್ಟು ನೋಡಿದೆ. ಪಟ್ಟಿಯಡಿ 3 ಮಿಲಿಮೀಟರಿಗಿಂತ ಜಾಸ್ತಿ ಸಂದು ಇರಬಾರದು. ಅಳೆಯಲು ಹಳೆ ಎಟಿಎಂ ಕಾರ್ಡು ಸಾಕು. ನಾಲ್ಕು ಕಾರ್ಡು ಒಟ್ಟಿಗೆ ಇಟ್ಟರೆ ಹೆಚ್ಚುಕಡಿಮೆ 3 ಮಿಲಿಮೀಟರ್. ನಾಲ್ಕೂ ಸಲೀಸಾಗಿ ತೂರಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಇದೆಲ್ಲ ಯಾಕೆ ಅಂದರೆ, ತಗ್ಗಿನ ಮೇಲೆ ಹಾಸಿದ ಹಲಗೆ ಕಾಲಿಟ್ಟಾಗಲೆಲ್ಲ ಬಾಗುತ್ತದೆ. ಬಾಗಿ ಬಾಗಿ ಕೊನೆಗೆ ಸಿಕ್ಕಿಸಿದ ಕೊಂಡಿ ಮುರಿಯುತ್ತದೆ. ತಗ್ಗಿಗೆ ಇನ್ನೊಂದು ಪದರ ಮೆತ್ತನೆ ಫೋಮ್ ಹಾಕಿ ಅಂತ ಸಲಹೆ ಕೊಡುವವರಿದ್ದಾರೆ. ಅದು ಸಮಸ್ಯೆಯನ್ನು ಇನ್ನಷ್ಟು ಮಾಡುತ್ತದೆ, ಕೇಳಬೇಡಿ.

ನೆಲವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಎಲ್ಲೆಲ್ಲಿ ಪದರ ಬಿಟ್ಟಿದೆಯೋ ಅಲ್ಲಿ ಟೊಳ್ಳು ಸದ್ದು ಬರುತ್ತದೆ. ಅಂಥ ಕಡೆ ಪೂರ್ತಿ ಎಬ್ಬಿಸಿ ತೆಗೆದೆ. ರೆಡ್ ಆಕ್ಸೈಡಿಗೆ ವರ್ಷಗಟ್ಟಲೆ ವ್ಯಾಕ್ಸ್ ತಿಕ್ಕಿರುತ್ತಾರೆ. ಅದರ ಮೇಲೆ ಹೊಸ ಸಿಮೆಂಟು ಕಚ್ಚುವುದಿಲ್ಲ. ತುಂಬುವ ಜಾಗವನ್ನೆಲ್ಲ ತಂತಿ ಬ್ರಷ್ಷಿನಲ್ಲಿ ಉಜ್ಜಿ ಒರಟು ಮಾಡಿ, ಬಾಂಡಿಂಗ್ ಲಿಕ್ವಿಡ್ ಬಳಿದು, ಅದನ್ನೇ ಬೆರೆಸಿದ ಸಿಮೆಂಟು ಮರಳಿನಿಂದ ತುಂಬಿದೆ. ಉಬ್ಬಿದ ಕಡೆಗೆ ಗ್ರೈಂಡರ್. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಸುಮ್ನೆ ಟವೆಲ್ ಕಟ್ಟಿಕೊಂಡರೆ ಸಾಲದು. ಎನ್95 ಮಾಸ್ಕ್ ಬೇಕು, ಕಿಟಕಿ ಬಾಗಿಲು ತೆರೆದಿರಬೇಕು. ತುಂಬಿದ್ದು ಚೆನ್ನಾಗಿ ಒಣಗುವ ತನಕ ಕಾಯಬೇಕು. ಹಲಗೆಯ ಪೆಟ್ಟಿಗೆಗಳನ್ನು ತಂದು ಅದೇ ಕೋಣೆಯಲ್ಲಿ ಎರಡು ದಿನ ಚಪ್ಪಟೆಯಾಗಿ ಮಲಗಿಸಿಟ್ಟೆ, ಅಲ್ಲಿನ ಹವೆಗೆ ಒಗ್ಗಲಿ ಅಂತ.

ಇನ್ನು ಲೆಕ್ಕ. ಕೋಣೆ 14 ಅಡಿ ಉದ್ದ, 12 ಅಡಿ ಅಗಲ, ಅಂದರೆ 168 ಚದರಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 185. ನಾನು ತಂದ ಹಲಗೆ 1220 ಮಿಲಿಮೀಟರ್ ಉದ್ದ, 180 ಮಿಲಿಮೀಟರ್ ಅಗಲ. ಹತ್ತು ಹಲಗೆಯ ಪೆಟ್ಟಿಗೆಯೊಂದು 23.6 ಚದರಡಿಗೆ ಆಗುತ್ತದೆ. ಎಂಟು ಪೆಟ್ಟಿಗೆ ಬೇಕು.

ಸಾಲಿನ ಲೆಕ್ಕವನ್ನು ಬಹಳ ಜನ ಮಾಡುವುದಿಲ್ಲ. 12 ಅಡಿ ಅಂದರೆ 3658 ಮಿಲಿಮೀಟರ್. ಎರಡೂ ಗೋಡೆ ಹತ್ತಿರ 8 ಮಿಲಿಮೀಟರ್ ಜಾಗ ಬಿಡಬೇಕು, ಯಾಕೆಂದರೆ ಬಿಸಿಲಿಗೆ ಹಲಗೆ ಹಿಗ್ಗುತ್ತದೆ. ಉಳಿಯುವುದು 3642. ಇಡೀ ಹಲಗೆಯಿಂದಲೇ ಶುರು ಮಾಡಿದರೆ 20 ಸಾಲಿಗೆ 3600 ಮುಗಿದು, ಕೊನೆಗೆ 42 ಮಿಲಿಮೀಟರಿನ ಪಟ್ಟಿಯೊಂದು ಬೇಕಾಗುತ್ತದೆ. ನೋಡಲೂ ಚೆನ್ನಾಗಿರುವುದಿಲ್ಲ, ಗಟ್ಟಿಯೂ ಇಲ್ಲ. ಅದರ ಬದಲು ಮೊದಲ ಸಾಲು ಮತ್ತು ಕೊನೆಯ ಸಾಲು ಎರಡನ್ನೂ 111 ಮಿಲಿಮೀಟರಿಗೆ ಸೀಳಿ, ನಡುವೆ 19 ಇಡೀ ಸಾಲು ಹಾಕಿದೆ. ಎರಡೂ ಕಡೆ ಸಮ ಕಾಣುತ್ತದೆ.

ಹಾಸುವುದು ಮಾತ್ರ ನಿಜವಾಗಿ ಖುಷಿಯ ಕೆಲಸ. ಮೊದಲು ನೆಲಕ್ಕೆಲ್ಲ 200 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ. ಒಂದರ ಮೇಲೊಂದು ಸುಮಾರು ಒಂದು ಗೇಣು ಬರುವ ಹಾಗೆ ಹಾಸಿ ಟೇಪ್ ಹಾಕಿದೆ. ಹಲಗೆಯ ಉದ್ದದ ಅಂಚನ್ನು ಓರೆಯಾಗಿ ಹಿಡಿದು ಹಿಂದಿನ ಸಾಲಿನ ಅಂಚಿನ ಗಾಡಿಗೆ (ಕೊರೆದ ಸಂದಿಗೆ) ತೂರಿಸಿ ಇಳಿಸಿದರೆ ಕೂರುತ್ತದೆ. ಅಡ್ಡದ ಅಂಚನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಗೋಡೆ ಪಕ್ಕದ ಜಾಗಕ್ಕೆ 8 ಮಿಲಿಮೀಟರ್ ಪ್ಲೈವುಡ್ ಚೂರು ಸಿಕ್ಕಿಸಿದ್ದೆ. ಮೊದಲ ಸಾಲಿನಲ್ಲಿ ಉಳಿದ ತುಂಡಿನಿಂದಲೇ ಎರಡನೇ ಸಾಲು ಶುರು. ಅಕ್ಕಪಕ್ಕದ ಸಾಲುಗಳ ಕೂಡುಗೆರೆ ಒಂದಕ್ಕೊಂದು ಕನಿಷ್ಠ ಒಂದು ಅಡಿ ದೂರ ಇರಬೇಕು. ಅಡ್ಡ ಕತ್ತರಿಸಲು ಮಷಿನ್ ಬೇಡ. ಕಟ್ಟರ್ ಬ್ಲೇಡಿನಲ್ಲಿ ಎರಡು ಮೂರು ಸಲ ಗೀರಿ ಮುರಿದರೆ ಬಿಸ್ಕತ್ತಿನ ಹಾಗೆ ನೇರ ಮುರಿಯುತ್ತದೆ. ಉದ್ದಕ್ಕೆ ಸೀಳಲು ಮಾತ್ರ ಜಿಗ್‌ಸಾ ಬೇಕೇ ಬೇಕು. ಅದನ್ನು ಬಾಡಿಗೆಗೆ ತಂದಿದ್ದೆ.

ಬಾಗಿಲ ಹತ್ತಿರ ಕೈ ನಿಧಾನವಾಯಿತು. ಚೌಕಟ್ಟಿನ ಬುಡವನ್ನು ಗರಗಸದಿಂದ ಕೊಯ್ದು ಹಲಗೆಯನ್ನು ಅದರಡಿ ತೂರಿಸುವುದು ಸರಿಯಾದ ಕ್ರಮ. ಅಜ್ಜನ ಕಾಲದ ಹಲಸಿನ ಚೌಕಟ್ಟು, ಜೊತೆಗೆ ಅಮ್ಮ ಅಲ್ಲೇ ಕೂತಿದ್ದರು. ಹಾಗಾಗಿ ರಟ್ಟಿನಲ್ಲಿ ಅದರ ಆಕಾರ ಕತ್ತರಿಸಿಕೊಂಡು, ಅದರಂತೆ ಹಲಗೆಯನ್ನು ಕೊಯ್ದು, ಉಳಿದ ಸಂದಿಗೆ ಅದೇ ಬಣ್ಣದ ಸಿಲಿಕಾನ್ ತುಂಬಿದೆ. ಹೊಸಿಲಿನ ಹತ್ತಿರವೂ ಹಾಗೇ. ಬಾಗಿಲು ಉಜ್ಜುತ್ತಿತ್ತು. ತಿರುಗಣಿಯಿಂದ ಕಳಚಿ ಅಡಿಯನ್ನು ಕೀಸಿದ ಮೇಲೆ ಸರಿಹೋಯಿತು. ಗೋಡೆ ಸುತ್ತಲಿನ ಸಂದು ಸ್ಕರ್ಟಿಂಗ್ ಪಟ್ಟಿಯಡಿ ಮುಚ್ಚಿಹೋಗುತ್ತದೆ. ಪಟ್ಟಿಯನ್ನು ಗೋಡೆಗೆ ಹೊಡೆಯಬೇಕು, ಹಲಗೆಗಲ್ಲ.

ಮುಂದಿನ ಮಳೆಗಾಲದಲ್ಲಿ ಈ ಕೋಣೆಯ ನೆಲ ಮೊದಲಿನಷ್ಟು ಬೆವರಲಿಲ್ಲ. ಫೋಮಿನಿಂದಾಗಿ ಹಲಗೆ ನೆಲದಷ್ಟು ತಣ್ಣಗಾಗುವುದಿಲ್ಲ. ಬಚ್ಚಲಿನ ಎದುರಿಗೆ ಇದನ್ನು ಹಾಕಬೇಡಿ, ಅಲ್ಲಿ ದಿನಾ ನೀರು ಸುರಿದು ಸಂದಿನಿಂದ ಅಡಿಗೆ ಇಳಿಯುತ್ತದೆ. ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಚೆಲ್ಲಿದರೆ ಆಗಲೇ ಒರೆಸಿ. ಬೀರುವನ್ನು ಎಳೆಯಬೇಡಿ, ಎತ್ತಿಡಿ. ಕಪಾಟನ್ನು ಹಲಗೆಗೆ ಸ್ಕ್ರೂ ಹೊಡೆದು ಕೂರಿಸಲೇಬೇಡಿ, ಹಿಗ್ಗಲು ಜಾಗವಿಲ್ಲದೆ ನೆಲ ಎದ್ದುಬಿಡುತ್ತದೆ. ಉಳಿದ ಹಲಗೆಗಳನ್ನು ನಾನು ಮಾಳಿಗೆಯಲ್ಲಿ ಚಪ್ಪಟೆಯಾಗಿ ಇಟ್ಟಿದ್ದೇನೆ. ಒಂದು ಒಡೆದರೆ ಅದೇ ಲಾಟಿನ ಬಣ್ಣ ಅಂಗಡಿಯಲ್ಲಿ ಮತ್ತೆ ಸಿಗುವ ನಂಬಿಕೆಯಿಲ್ಲ.