ಕ್ಯಾನೊಪಿಕ್ ಜಾಡಿ: ಮುಚ್ಚಳವನ್ನಲ್ಲ, ಮೈಮೇಲಿನ ಬರಹವನ್ನು ನಂಬಿ

ಪ್ರಾಚೀನ ಈಜಿಪ್ಟಿನಲ್ಲಿ ಮಮ್ಮಿ ಮಾಡುವಾಗ ದೇಹದಿಂದ ತೆಗೆದ ಅಂಗಗಳನ್ನು ಇಡುತ್ತಿದ್ದ ಜಾಡಿಯೇ ಕ್ಯಾನೊಪಿಕ್ ಜಾಡಿ. ಮ್ಯೂಸಿಯಂನ ಈಜಿಪ್ಟ್ ವಿಭಾಗದಲ್ಲಿ ಗಿಡುಗನ ತಲೆಯ ಇಂಥ ಕಲ್ಲಿನ ಜಾಡಿ ಕಂಡ ಕೂಡಲೇ ‘ಇದು ಕರುಳಿನದು’ ಎಂದು ತೀರ್ಮಾನಿಸಬೇಡಿ. ಮುಚ್ಚಳ ಬಿಡಿ ವಸ್ತು. ಸಮಾಧಿ ಲೂಟಿಯಾದಾಗಲೋ ವ್ಯಾಪಾರಿಗಳ ಕೈ ದಾಟುವಾಗಲೋ ಅದಲುಬದಲಾಗಿರುವುದು ಅಪರೂಪವೇನಲ್ಲ. ಜಾಡಿ ಯಾರದು, ಯಾವ ಅಂಗಕ್ಕೆ ಎಂಬುದನ್ನು ಮೈಮೇಲೆ ಕೊರೆದ ಬರಹದಲ್ಲೇ ಹುಡುಕಬೇಕು.

ಮೊದಲು ದಿಕ್ಕು ನೋಡಿ. ಹಕ್ಕಿ, ಹಾವು, ಮನುಷ್ಯರ ಚಿತ್ರಗಳು ಯಾವ ಕಡೆ ಮುಖ ಮಾಡಿವೆಯೋ ಆ ಕಡೆಯಿಂದ ಓದು ಶುರು. ಬಲಕ್ಕೆ ನೋಡುತ್ತಿದ್ದರೆ ಬಲತುದಿಯ ಲಂಬ ಸಾಲೇ ಮೊದಲನೆಯದು. ಅದರ ನೆತ್ತಿಯಲ್ಲಿ ನಾಗರಹಾವು ಮತ್ತು ಊರುಗೋಲು ಇದ್ದರೆ ‘ನುಡಿದ ಮಾತು’ ಎಂದರ್ಥ. ನುಡಿಯುವ ದೇವತೆಯ ಹೆಸರು ಅದರ ಬೆನ್ನಿಗೇ ಬರುತ್ತದೆ.

ಪ್ರತಿ ಅಂಗಕ್ಕೂ ಒಬ್ಬ ಕಾವಲು ದೇವರು, ಆ ದೇವರನ್ನು ಕಾಯಲು ಒಬ್ಬ ದೇವತೆ. ಜೋಡಿಗಳು ಹೀಗಿವೆ (ಆವರಣದಲ್ಲಿ ಮುಚ್ಚಳದ ತಲೆ, ಅಂಗ): ಐಸಿಸ್ ಕಾಯುವುದು ಇಮ್ಸೆತಿಯನ್ನು (ಮನುಷ್ಯನ ತಲೆ, ಯಕೃತ್ತು), ನೆಫ್ತಿಸ್ ಹಾಪಿಯನ್ನು (ಬಬೂನ್, ಶ್ವಾಸಕೋಶ), ನೀತ್ ದುವಾಮುತೆಫ್‌ನನ್ನು (ನರಿ, ಜಠರ), ಸೆರ್ಕೆತ್ ಕೆಬೆಹ್ಸೆನುಎಫ್‌ನನ್ನು (ಗಿಡುಗ, ಕರುಳು). ಲಿಪಿ ಬಾರದವರಿಗೂ ಸಿಗುವ ಗುರುತುಗಳಿವೆ. ನಕ್ಷತ್ರ, ರಣಹದ್ದು, ಕೊಂಬಿನ ಹಾವು ಒಟ್ಟಿಗಿದ್ದರೆ ದುವಾಮುತೆಫ್. ನೀರು ಸುರಿಯುವ ಹೂಜಿ ಕಂಡರೆ ಕೆಬೆಹ್ಸೆನುಎಫ್. ಬರಹ ದುವಾಮುತೆಫ್ ಎನ್ನುತ್ತಿದ್ದು ಮೇಲೆ ಬಬೂನ್ ಕೂತಿದ್ದರೆ ಮುಚ್ಚಳ ಬೇರೆ ಜಾಡಿಯದಿರಬಹುದು.

ಹೊಸಬರು ಎಡವುವುದು ಸಿಂಹಾಸನದ ಚಿಹ್ನೆಯಲ್ಲಿ. ಅದು ಐಸಿಸ್ ಹೆಸರಲ್ಲೂ ಇದೆ, ಸತ್ತವರ ಲೋಕದ ದೇವರು ಒಸಿರಿಸ್ ಹೆಸರಲ್ಲೂ ಇದೆ. ಪಕ್ಕದಲ್ಲಿ ಕಣ್ಣಿದ್ದರೆ ಒಸಿರಿಸ್. ಹೊಸ ಸಾಮ್ರಾಜ್ಯದ (18ರಿಂದ 20ನೇ ರಾಜವಂಶದ ಕಾಲ) ಹೊತ್ತಿಗೆ ತೀರಿಹೋದವರ ಹೆಸರಿಗೆ ಮುಂಚೆ ‘ಒಸಿರಿಸ್’ ಸೇರಿಸುವುದು ರೂಢಿಯಾಗಿತ್ತು. ಹಾಗಾಗಿ ಆ ಕಣ್ಣಿನ ನಂತರದ ಚಿಹ್ನೆಗಳಲ್ಲಿ ಜಾಡಿಯ ಒಡೆಯರ ಪದವಿ, ಹೆಸರು ಸಿಗುತ್ತವೆ.

ಕಾಲವನ್ನೂ ತಾಳೆ ನೋಡಿ. 18ನೇ ರಾಜವಂಶದ ಬಹುಭಾಗ ನಾಲ್ಕೂ ಮುಚ್ಚಳಗಳಿಗೆ ಮನುಷ್ಯನ ತಲೆಯೇ. ಪ್ರಾಣಿಗಳ ತಲೆ ರೂಢಿಯಾದದ್ದು 19ನೇ ರಾಜವಂಶದಿಂದ, ಅಂದರೆ ಕ್ರಿ.ಪೂ. 1290ರ ಆಸುಪಾಸಿನಿಂದ. ಹಾಗಾಗಿ ಹಳೆಯ ಜಾಡಿಯ ಮೇಲಿನ ಮನುಷ್ಯಮುಖ ಇಮ್ಸೆತಿಯೇ ಆಗಬೇಕಿಲ್ಲ. 21ನೇ ರಾಜವಂಶದಲ್ಲಿ ಅಂಗಗಳನ್ನು ಸುತ್ತಿ ದೇಹದೊಳಕ್ಕೇ ಮರಳಿಸುತ್ತಿದ್ದರು. ಆ ಕಾಲದಿಂದ ಒಳಗೆ ಕೊರೆಯದ, ಘನ ಕಲ್ಲಿನ ಹುಸಿ ಜಾಡಿಗಳೂ ಇವೆ.

ಬರಹವನ್ನು ಕೆರೆದುಹಾಕಿದ್ದರೂ ಬಿಡಬೇಡಿ. ರಾಜರ ಕಣಿವೆಯ ಕೆವಿ55 ಸಮಾಧಿಯಲ್ಲಿ 1907ರಲ್ಲಿ ಸಿಕ್ಕ ನಾಲ್ಕು ಜಾಡಿಗಳಲ್ಲಿ ಒಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅಳಿಸಿದ ಜಾಗದಲ್ಲಿ ಉಳಿದ ಗೀರುಗಳಿಂದಲೇ ಅದು ಈಜಿಪ್ಟಿನ ದೊರೆ ಅಖೆನಾತೆನ್‌ನ ಹೆಂಡತಿ ಕಿಯಾಳಿಗಾಗಿ ಮಾಡಿದ್ದೆಂದು ತಿಳಿಯಿತು. ಇಂಥ ಗೀರು ಎದುರು ಬೆಳಕಿನಲ್ಲಿ ಕಾಣುವುದಿಲ್ಲ. ಗ್ಯಾಲರಿಯ ದೀಪ ಓರೆಯಾಗಿ ಬೀಳುವ ಬದಿಗೆ ಸರಿದು ನಿಂತು ನೋಡಿ. ಫೋಟೋ ತೆಗೆಯುವಾಗ ಫ್ಲ್ಯಾಶ್ ಬಂದ್ ಮಾಡಿ, ಲೆನ್ಸನ್ನು ಗಾಜಿಗೆ ತಾಗದಷ್ಟು ಹತ್ತಿರ ಹಿಡಿದರೆ ಪ್ರತಿಫಲನ ಕಡಿಮೆಯಾಗುತ್ತದೆ. ಫಲಕದ ಮೇಲಿನ ನೋಂದಣಿ ಸಂಖ್ಯೆಯನ್ನೂ ಬರೆದುಕೊಳ್ಳಿ. ಹಿಂಬದಿಯ ಚಿತ್ರವೂ ಮುಚ್ಚಳ ಬಿಚ್ಚಿ ತೆಗೆದ ಚಿತ್ರವೂ ಇದ್ದರೆ ಮ್ಯೂಸಿಯಂನ ಜಾಲತಾಣದಲ್ಲಿ ಆ ಸಂಖ್ಯೆಯಡಿಯೇ ಸಿಗುತ್ತವೆ.