ಥಿಂಕ್ ಟ್ಯಾಂಕ್ ವರದಿಯನ್ನು ಕೊನೆಯಿಂದ ಓದಿ

ಬೆಂಗಳೂರಿನ ವಿಜಯನಗರದಲ್ಲಿ ಐಎಎಸ್, ಕೆಎಎಸ್‌ಗೆ ಓದುವ ಹುಡುಗ ಹುಡುಗಿಯರಿಗೆ ನಾನು ವಿದೇಶಾಂಗ ನೀತಿ ಪಾಠ ಮಾಡುತ್ತೇನೆ. ಸರ್ಕಾರದ ನೀತಿ ಬಗ್ಗೆ ಅಧ್ಯಯನ ಮಾಡಿ ಸಲಹೆ ಕೊಡುವ ಸಂಸ್ಥೆಗಳೇ ಥಿಂಕ್ ಟ್ಯಾಂಕ್‌ಗಳು; ಅವುಗಳ ವರದಿ ಓದಲು ಹೇಳಿದರೆ, ‘ಸರ್, ವರದಿ ಪೂರ್ತಿ ಓದಿದೆ, ತಲೆಗೇ ಹತ್ತಲಿಲ್ಲ’ ಅಂತ ಯಾರಾದರೂ ಬರುತ್ತಲೇ ಇರುತ್ತಾರೆ. ಮೊದಲ ಪುಟದಿಂದ ಶುರು ಮಾಡಿದರೆ ಹಾಗೇ ಆಗೋದು.

ಮೊದಲು ದುಡ್ಡು ಯಾರದ್ದು ನೋಡಿ. 1965ರಲ್ಲಿ ಶುರುವಾದ, ದೆಹಲಿಯ ರಕ್ಷಣಾ ಅಧ್ಯಯನ ಸಂಸ್ಥೆ ಐಡಿಎಸ್‌ಎ ನಡೆಯೋದು ರಕ್ಷಣಾ ಸಚಿವಾಲಯದ ಹಣದಲ್ಲಿ. 1990ರಲ್ಲಿ ಶುರುವಾದ ಅಬ್ಸರ್ವರ್ ರಿಸರ್ಚ್ ಫೌಂಡೇಶನ್, ಅಂದರೆ ಓಆರ್‌ಎಫ್‌ಗೆ ಬೆಂಬಲವಾಗಿ ನಿಂತದ್ದು ರಿಲಯನ್ಸ್. ಹಣ ಕೊಟ್ಟವರು ಹೇಳಿದ್ದನ್ನೇ ಬರೆಯುತ್ತಾರೆ ಅಂತಲ್ಲ. ಯಾವ ವಿಷಯ ಮುಟ್ಟದೇ ಬಿಟ್ಟಿದ್ದಾರೆ ಅಂತ ಹುಡುಕೋಕೆ ಇದು ದಾರಿ.

ಬರೆದವರು ಯಾರು? ಇದಕ್ಕೆ ಜಾಸ್ತಿ ಹೊತ್ತು ಕೊಡಿ. ನಮ್ಮಲ್ಲಿ ಇಂಥ ಸಂಸ್ಥೆಗಳ ವಿಚಾರ ಸರ್ಕಾರದೊಳಕ್ಕೆ ಹೋಗೋದು ಕಾಗದಕ್ಕಿಂತ ಜನರ ಜೊತೆ ಅಂತ ನನಗನ್ನಿಸುತ್ತದೆ. ಗುಪ್ತಚರ ದಳದಿಂದ 2005ರಲ್ಲಿ ನಿವೃತ್ತರಾದ ಅಜಿತ್ ದೋವಲ್, 2009ರಲ್ಲಿ ಇಂಥದ್ದೇ ಸಂಸ್ಥೆಯಾದ ವಿವೇಕಾನಂದ ಇಂಟರ್‌ನ್ಯಾಷನಲ್ ಫೌಂಡೇಶನ್‌ನ ಮೊದಲ ನಿರ್ದೇಶಕರಾದರು. 2014ರಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರಾದರು. ಹಾಗಾಗಿ ಲೇಖಕರು ಮೊದಲು ಎಲ್ಲಿದ್ದರು ಅಂತ ನೋಟ್‌ಬುಕ್ಕಿನ ಮೇಲ್ಗಡೆ ಬರೆದುಕೊಳ್ಳಿ. ಬೀಜಿಂಗ್‌ನಲ್ಲಿ ರಾಯಭಾರಿಯಾಗಿದ್ದವರು ಗಡಿ ಮಾತುಕತೆಯನ್ನು ನೋಡೋ ರೀತಿಯೇ ಬೇರೆ, ಲಡಾಖ್‌ನಲ್ಲಿ ಸೈನ್ಯ ನಡೆಸಿದವರು ನೋಡೋ ರೀತಿಯೇ ಬೇರೆ.

ಈಗ ಕೊನೆಗೆ ಹೋಗಿ, ಶಿಫಾರಸು ಓದಿ. ‘ಭಾರತ ನೆರೆಯವರ ಜೊತೆ ಸಂಬಂಧ ಗಟ್ಟಿ ಮಾಡಿಕೊಳ್ಳಬೇಕು’ ಅಂತಿದ್ದರೆ ಮುಂದಕ್ಕೆ ಹೋಗಿ. ಅದನ್ನು ಯಾರು ಬೇಡ ಅಂತಾರೆ? ಯಾವ ಸಚಿವಾಲಯ, ಯಾವ ಕೆಲಸ, ಎಷ್ಟು ಹಣ ಅಂತ ಹೇಳಿರುವ ಸಾಲಿನ ಕೆಳಗೆ ಗೆರೆ ಎಳೆಯಿರಿ. ಅಧಿಕಾರಿಯ ಕೆಲಸಕ್ಕೆ ಬರೋದು ಅದೇ. ಇನ್ನು ಮಧ್ಯದ ಪುಟಗಳನ್ನು ಆ ಸಾಲಿಗೆ ಆಧಾರ ಇದೆಯಾ ಅಂತ ನೋಡುತ್ತಾ ಓದಿ.

ಆ ಶಿಫಾರಸು ದೆಹಲಿಯಲ್ಲಿ ಆಡಳಿತ ನಡೆಸುವವರನ್ನು ಮುಟ್ಟಿತಾ? ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿ ವರದಿಗಳು ಸಂಸತ್ತಿನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹಿಂದಿನ ಪುಟಗಳಲ್ಲಿ ಸಭೆಯ ನಡಾವಳಿ ಇರುತ್ತದೆ. ಹೊರಗಿನ ತಜ್ಞರನ್ನು ಕರೆಸಿದ್ದರೆ ಅವರ ಹೆಸರು ಅಲ್ಲೇ ಇರುತ್ತದೆ. ನಿಮ್ಮ ಲೇಖಕರು ಇದ್ದಾರಾ ಹುಡುಕಿ.

2016ರಿಂದ ದೆಹಲಿಯಲ್ಲಿ ನಡೆಯುವ ರೈಸಿನಾ ಸಂವಾದ ಅನ್ನೋ ವಿದೇಶಾಂಗ ನೀತಿ ಸಮ್ಮೇಳನಕ್ಕೆ ನಮ್ಮ ಮಕ್ಕಳಿಗೆ ಹೋಗೋಕಾಗಲ್ಲ, ನಿಜ. ಆದರೆ ಐಐಎಸ್‌ಸಿ ಆವರಣದಲ್ಲೇ ಉನ್ನತ ಅಧ್ಯಯನ ಸಂಸ್ಥೆ ಎನ್‌ಐಎಎಸ್ ಇದೆ. ಇದೇ ಊರಲ್ಲಿ ಸಾರ್ವಜನಿಕ ನೀತಿ ಅಧ್ಯಯನ ಮಾಡುವ ತಕ್ಷಶಿಲಾ ಸಂಸ್ಥೆ ಇದೆ. ಎಲ್ಲರಿಗೂ ಬಿಟ್ಟ ಉಪನ್ಯಾಸ ಇದ್ದಾಗ ಹೋಗಿ ಕೂರಿ. ಇಂಗ್ಲಿಷ್ ತಡವರಿಸಿದರೆ ತಡವರಿಸಲಿ, ಹಿಂದೆ ಸರಿಯಬೇಡಿ. ಗೆರೆ ಎಳೆದ ಸಾಲನ್ನು ಓದಿ, ‘ಇದನ್ನು ಮಾಡಬೇಕಾದವರು ಯಾರು, ಇನ್ನೂ ಯಾಕೆ ಆಗಿಲ್ಲ?’ ಅಂತ ಕೇಳಿ.